ಬಾಗಿಲು ಏನೆಂದು ಕರೆಯಬೇಕು?

ಆ ಊರಿನಲ್ಲಿ ಬಸ್ಸಿನ ಬಾಗಿಲು ಪ್ರತಿಯೊಬ್ಬರನ್ನೂ ಗೌರವದಿಂದ ಕರೆದ ಮೇಲೆಯೇ ತೆರೆದುಕೊಳ್ಳುತ್ತಿತ್ತು. ನೀಲಗಂಗಾಳನ್ನು ಅದು ವರ್ಷಗಟ್ಟಲೆ "ಬನ್ನಿ, ಸೌಭಾಗ್ಯವತಿ ನೀಲಗಂಗಾ" ಎಂದು ಕರೆದಿತ್ತು. ಗಂಡ ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಅವಳು ತಾನು ಕಲಿಸುವ ಹೊಲಿಗೆ ತರಗತಿಗೆ ಹೊರಟಿದ್ದಳು.

"ನಿಮ್ಮ ಹಳೆಯ ಸಂಬೋಧನೆ ಅಳಿಸಿಹೋಗಿದೆ," ಎಂದಿತು ಬಾಗಿಲು. "ಇನ್ನು ಏನೆಂದು ಕರೆಯಲಿ? ನಿಮ್ಮನ್ನು ಬಲ್ಲವರು ಯಾರಾದರೂ ಹೇಳಬೇಕು."

ಹಿಂದೆ ನಿಂತವರಲ್ಲಿ ಯಾರೋ "ಪಾಪ, ವಿಧವೆ" ಎಂದು ಪಿಸುಗುಟ್ಟಿದರು. ಬಾಗಿಲು ಅದನ್ನೇ ಹಿಡಿದುಕೊಂಡೀತೆಂದು ಹೆದರಿದ ನೀಲಗಂಗಾ ಮನೆಯ ಕಡೆ ತಿರುಗಿದಳು. ಅಷ್ಟರಲ್ಲಿ ಅವಳ ಹಳೆಯ ಶಿಷ್ಯೆ ಮೆಹಬೂಬಿ ಸಾಲು ದಾಟಿ ಬಂದು ಕೈ ಹಿಡಿದಳು.

"ಎಲ್ಲಿ ಹೊಂಟ್ರಿ? ಏ ಬಾಗಲಾ, ಕೇಳ್ ಇಲ್ಲೆ! ನನಗ ಹೊಲಿಗಿ ಕಲಿಸಿದವ್ರು ಇವರು. ಇವರು ನಮ್ಮ ಟೀಚರು, ನಮ್ಮ ಅಕ್ಕೋರು!"

"ಬನ್ನಿ, ಅಕ್ಕೋರೇ," ಎನ್ನುತ್ತ ಬಾಗಿಲು ತೆರೆಯಿತು.

ಸೀಟಿನಲ್ಲಿ ಕುಳಿತಾಗ ನೀಲಗಂಗಾಳ ಕಣ್ಣು ತುಂಬಿ ಬಂದವು. "ನಿನ್ನ ಉಪಕಾರ ಹೆಂಗ ತೀರಸ್ಲಿ, ನನ್ನವ್ವಾ?"

"ಉಪಕಾರ ಏನ್ ಬಂತ್ರಿ? ಈ ಹೆಸರು ನೀವು ದುಡದು ಗಳಿಸಿದ್ದು. ಯಾರೂ ಅಳಸಾಂಗಿಲ್ಲ."

ಇಳಿಯುವ ತನಕ ನೀಲಗಂಗಾ ಅವಳ ಕೈ ಬಿಡಲಿಲ್ಲ.