ಮಾದರಿ ಕೋಟು

"ಬಿಚ್ಚೇ ಅದನ್ನ! ಬಿಚ್ಚು ಅಂದ್ರೆ ಬಿಚ್ಚು! ನನ್ನ ಕೋಟನ್ನ ನಾಯಿ ಕಚ್ಚಿ ಎಳೆದ ಹಾಗೆ ಮಾಡಿದ್ದಲ್ದೆ ಮೇಲೆ ಹಾಕ್ಕೊಂಡು ಬೇರೆ ನಿಂತಿದೀಯಲ್ಲ, ನಾಚಿಕೆ ಆಗಲ್ವಾ?"

ಟೈಲರ್ ಮಾಸ್ಟರ್ ಹಾಕಿದ ಕೂಗಿಗೆ ಎದುರಿನ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದು ಇತ್ತ ನೋಡಿದ. ಮಾಸ್ಟರ ಮಗಳು ಮೇಜಿನ ಆ ಬದಿಗೆ ನೆಟ್ಟಗೆ ನಿಂತಿದ್ದಳು. ಹತ್ತು ಗಂಟೆಗೆ ಶಾಲೆಯ ಹೆಡ್ ಮೇಡಂ ಬರುವವರಿದ್ದರು, ನಲವತ್ತು ಟೀಚರುಗಳ ಕೋಟು ಯಾರ ಕೈಲಿ ಹೊಲಿಸಬೇಕೆಂದು ತೀರ್ಮಾನಿಸಲು. ಅವರಿಗೆ ತೋರಿಸಲೆಂದೇ ಮಾಸ್ಟರ್ ಹದಿನೈದು ದಿನ ಸೊಂಟ ಮುರಿದುಕೊಂಡು ಹೊಲಿದ ಕಡುನೀಲಿ ಕೋಟು ಅದು. ಈಗ ಅದಕ್ಕೆ ತೋಳೇ ಇಲ್ಲ. ಭುಜದಲ್ಲಿ ದಾರಗಳು ನೇತಾಡುತ್ತಿವೆ. ಎಬ್ಬಿಸಿ ನಿಲ್ಲಿಸಿದ ಕಾಲರಿನ ಉದ್ದಕ್ಕೂ ಸೇಫ್ಟಿ ಪಿನ್ನು, ಕೆಲವು ಬಾಯಿ ತೆರೆದುಕೊಂಡೇ ಇವೆ. ಬಂಗಾರದ ಬಣ್ಣದ ಗುಂಡಿಗಳಿದ್ದ ಕಡೆ ಬೋಲ್ಟಿಗೆ ಹಾಕುವ ಕಬ್ಬಿಣದ ವಾಷರು. ಕಾಲಿಗೆ ಗ್ಯಾರೇಜಿನವರು ಹಾಕುವಂಥ ದಪ್ಪ ಬೂಟು.

ಆ ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವ ಬೊಂಬೆ ಇರಲಿಲ್ಲ. "ಮನೇಲೇ ಒಂದು ಇರೋವಾಗ ಮರದ್ದು ಯಾಕೆ?" ಎಂದು ಮಾಸ್ಟರ್ ಹೆಮ್ಮೆಯಿಂದಲೇ ಹೇಳುತ್ತಿದ್ದರು. ಮಗಳು ಆರು ವರ್ಷದವಳಿದ್ದಾಗ ಯೂನಿಫಾರ್ಮ್ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದು. ಅವಳಿಗೆ ಇಪ್ಪತ್ತೆಂಟು ತುಂಬಿದರೂ ಅಲ್ಲಿಂದ ಕದಲಿಸಿರಲಿಲ್ಲ. ಇಸ್ತ್ರಿ ಮುರಿಯದ ಬಿಳಿ ಶರ್ಟು, ನೆರಿಗೆ ಸ್ಕರ್ಟು, ಮೊಣಕಾಲವರೆಗೆ ಸಾಕ್ಸು. ಗಿರಾಕಿ ಬಂದರೆ ಕೈ ಅಗಲಿಸಬೇಕು, ತಿರುಗೆಂದರೆ ತಿರುಗಬೇಕು. ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಶೋಕೇಸ್ ಎಂದು. ಸೂಜಿ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ. ಬೆರಳೆಲ್ಲ ಚುಚ್ಚಿಸಿಕೊಂಡವಳ ಮೈಮೇಲೆ ಒಳ್ಳೆಯ ಬಟ್ಟೆ ಒಪ್ಪುವುದಿಲ್ಲವಂತೆ! ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಅವರಿಗೇ ಗೊತ್ತು.

"ಕತ್ತರಿ ಯಾರೇ ಕೊಟ್ಟಿದ್ದು ನಿಂಗೆ?"

"ನಾನು," ಎಂದಳು ತಾಯಿ. ಮೂಲೆಯ ಸ್ಟೂಲಿನ ಮೇಲೆ ಕೂತು ಕಾಜಾ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ನಿನ್ನೆ ಮಧ್ಯಾಹ್ನ ಉಂಡು ಗೊರಕೆ ಹೊಡೀತಿದ್ರಲ್ಲ, ಆಗ. ಹೊಲಿಗೆ ಹೇಳ್ಕೊಟ್ಟಿದ್ದೂ ನಾನೇ, ಎಂಟು ವರ್ಷ ಆಯ್ತು. ಆ ಭುಜದ ಕೆಲಸ ಒಂದ್ಸಲ ನೋಡ್ರಿ, ಆಮೇಲೆ ಬೈಯೋರಂತೆ."

ನೋಡಬಾರದೆಂದುಕೊಂಡರೂ ಮಾಸ್ಟರ ಕಣ್ಣು ಅತ್ತ ಹೋಯಿತು. ನಲವತ್ತು ವರ್ಷದ ಕಸುಬು, ಸುಮ್ಮನಿದ್ದೀತೇ! ತೋಳು ಕಿತ್ತ ಅಂಚು ಎಲ್ಲೂ ಸುಕ್ಕಾಗಿರಲಿಲ್ಲ, ಬಟ್ಟೆ ಒಂದು ಕೂದಲೆಳೆಯಷ್ಟೂ ಎಳೆದುಕೊಂಡಿರಲಿಲ್ಲ. ಹೊರಗೆ ನೇತಾಡುತ್ತಿದ್ದುದು ಬೇಕೆಂದೇ ಬಿಟ್ಟ ದಾರ. ಒಳಗಿನ ಹೊಲಿಗೆ ಕಲ್ಲಿನ ಹಾಗೆ ಕೂತಿತ್ತು. ಅದನ್ನು ಕಂಡು ಅವರ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ನೆತ್ತಿಗೇರಿತು.

"ಓಹೋ, ತಾಯಿ ಮಗಳು ಸೇರ್ಕೊಂಡು ಬೆನ್ನ ಹಿಂದೆ ಮಸಲತ್ತು! ಈ ವೇಷದಲ್ಲಿ ಸವಾರಿ ಎಲ್ಲಿಗೋ? ಸರ್ಕಸ್ಸಿಗಾ?"

"ಹೆಚ್ಚು ಕಮ್ಮಿ ಅಲ್ಲಿಗೇ ಅಪ್ಪಾ. ನಾಟಕದವರ ಹತ್ರ. ವೇಷದ ಬಟ್ಟೆ ಹೊಲಿಯೋಕೆ ಜನ ಬೇಕಿತ್ತಂತೆ. ಮೊನ್ನೆ ಹೋಗಿ ಕೇಳಿದೆ, ಒಪ್ಪಿದ್ರು. ಅಲ್ಲೇ ರೂಮೂ ಕೊಡ್ತಾರೆ. ನಂಗೆ ಹೊಲಿಯೋಕೆ ಬರುತ್ತೆ ಅಂತ ಹೇಳಿದೀನಿ. ನಿಂತ್ಕೊಳ್ಳೋಕೂ ಬರುತ್ತೆ ಅಂತ ಹೇಳಿಲ್ಲ."

ಅಷ್ಟರಲ್ಲಿ ಹೆಡ್ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಲೇ ಮೆಟ್ಟಿಲು ಹತ್ತಿ ಬಂದರು. "ಏನ್ ಮಾಸ್ಟ್ರೇ, ನಿಮ್ಮ ಬೊಂಬೆ ತಯಾರಾ?" ಎಂದವರೇ, ಕನ್ನಡಕ ಇನ್ನೂ ಒಂದು ಕೈಯಲ್ಲಿರುವಾಗಲೇ ಇನ್ನೊಂದು ಕೈಯಿಂದ ಹುಡುಗಿಯ ಕಾಲರು ಹಿಡಿದರು. "ತಿರುಗು ನೋಡೋಣ, ಬೆನ್ನು ಹೇಗೆ ಕೂತಿದೆ... ಅಯ್ಯಮ್ಮಾ!"

ಬೆರಳ ತುದಿಯಲ್ಲಿ ರಕ್ತದ ಒಂದು ಹನಿ ಮೂಡಿತ್ತು.

"ಮುಟ್ಟೋ ಮುಂಚೆ ಕೇಳ್ಬೇಕು ಮೇಡಂ," ಎಂದಳು ಮಗಳು ಮೆತ್ತಗೆ. "ಕೋಟಿನೊಳಗೆ ಜನ ಇದಾರೆ."

ನೆಲದ ಮೇಲಿಂದ ಒಂದು ಬಿಳಿ ಚಿಂದಿ ಎತ್ತಿ, ಅವರ ಬೆರಳಿಗೆ ತಾನೇ ಸುತ್ತಿ ಗಂಟು ಹಾಕಿದಳು. ಮೇಜಿನ ಕೆಳಗಿದ್ದ ಚೀಲವನ್ನು ಬೆನ್ನಿಗೇರಿಸಿದಳು. ತಾಯಿಯ ಭುಜವನ್ನು ಒಮ್ಮೆ ಒತ್ತಿದಳು. ತಾಯಿ ಆಗಲೂ ತಲೆ ಎತ್ತಲಿಲ್ಲ, ಸೂಜಿ ಮಾತ್ರ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತ್ತು.

"ಹೊಸ್ತಿಲು ದಾಟಿದ್ಯೋ, ಮತ್ತೆ ಈ ಕಡೆ ಮುಖ ಹಾಕ್ಬೇಡ! ಹೇಳಿದೀನಿ!"

"ಆಯ್ತಪ್ಪಾ," ಎಂದಳು. ದಾಟಿದಳು.

ಹೆಡ್ ಮೇಡಂ ಚಿಂದಿ ಸುತ್ತಿದ ಬೆರಳನ್ನು ಊದಿಕೊಳ್ಳುತ್ತ, "ಹೋಗ್ಲಿ ಬಿಡಿ ಮಾಸ್ಟ್ರೇ. ಹೊಟ್ಟೆ ಚುರುಗುಟ್ಟಿದ್ರೆ ಮಧ್ಯಾಹ್ನ ತಾನಾಗೇ ಬರ್ತಾಳೆ," ಎಂದರು.

ಅವಳು ಮಧ್ಯಾಹ್ನ ಬರಲಿಲ್ಲ. ಆ ವಾರವೂ ಬರಲಿಲ್ಲ. ಬರುವುದಿಲ್ಲವೆಂದು ಮಾಸ್ಟರಿಗೆ ಆಗಲೇ, ಬಾಗಿಲಿಗೆ ಓಡಿ ಬಂದು ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದಾಗಲೇ ಗೊತ್ತಾಗಿ ಹೋಗಿತ್ತು. ತೋರಿಸಲೆಂದು ಹೊಲಿದ ಕೋಟಿನ ಜೇಬಿನ ಬಾಯನ್ನು ಅವರು ಯಾವತ್ತೂ ಹೊಲಿದು ಮುಚ್ಚಿಬಿಡುತ್ತಿದ್ದರು. ಕೈ ಹೋದರೆ ಜೇಬು ಜೋಲುತ್ತದೆ, ಕೋಟಿನ ಅಂದ ಕೆಡುತ್ತದೆ. ಇಪ್ಪತ್ತೆರಡು ವರ್ಷ ಅವಳು ತೊಟ್ಟ ಒಂದು ಕೋಟಿಗೂ ಕೈಯಿಡುವ ಜೇಬಿರಲಿಲ್ಲ. ಅವರು ಬಾಗಿಲಿಂದ ನೋಡಿದಾಗ, ಬೀದಿಯ ನಟ್ಟನಡುವೆ, ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಜೇಬಿಗಿಳಿಸಿ, ಮೊಣಕೈ ಅಗಲಿಸಿಕೊಂಡು ಅವಳು ನಡೆಯುತ್ತಿದ್ದಳು. ಎದುರು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.