ಪಡಸಾಲೆಯ ಜೆಟ್ಟು

ಪೈಲಟ್ ಇಲ್ಲದೆ ತಾವೇ ಹಾರುವ ಹೊಸ ವಿಮಾನಗಳಿಗೆ ಹಾರಾಟ ಕಲಿಸುವ ಕೆಲಸ ಮನೆಮನೆಗೆ ಹಂಚಿಹೋದ ಮೇಲೆ, ಗದಗಿನ ನಿವೃತ್ತ ಬಸ್ ಡ್ರೈವರ್ ಫಕ್ಕೀರಪ್ಪನ ಪಡಸಾಲೆಗೂ ಒಂದು ಸಿಮ್ಯುಲೇಟರ್ ಬಂದು ಕೂತಿತ್ತು. ಶಬ್ದಕ್ಕಿಂತ ವೇಗವಾಗಿ ಹೋಗುವ ಪ್ರಯೋಗದ ಜೆಟ್ಟನ್ನು ಅವನು ವರ್ಷವಿಡೀ ಅದರಲ್ಲಿ ಹಾರಿಸಿದ್ದ. ಅವನು ಹೇಗೆ ಓಡಿಸಿದರೆ ಜೆಟ್ಟು ಹಾಗೇ ಕಲಿಯುತ್ತಿತ್ತು. ಮೂವತ್ತು ವರ್ಷ ಅವನ ಬಸ್ಸಿಗೆ ಕಂಡಕ್ಟರಾಗಿದ್ದ ಮಕ್ತುಮಸಾಬನೂ ದಿನಾ ಬಂದು ಹಿಂದಿನ ಕುರ್ಚಿಯಲ್ಲಿ ಕೂರುತ್ತಿದ್ದ.

ಇಂದು ಅಸಲಿ ಜೆಟ್ಟಿನ ಮೊದಲ ಹಾರಾಟ; ಇಬ್ಬರೂ ಪಡಸಾಲೆಯಲ್ಲೇ ಕೂತು ಟೀವಿಯಲ್ಲಿ ನೋಡುತ್ತಿದ್ದರು. ಟೀವಿಯವರು ಫಕ್ಕೀರಪ್ಪನ ಹೆಸರನ್ನಷ್ಟೇ ಹೇಳಿದ್ದರಿಂದ ಮಕ್ತುಮಸಾಬನಿಗೆ ಬಿಸಿ ಮಿರ್ಚಿಯೂ ಸಪ್ಪೆ ಎನಿಸಿತ್ತು.

ಜೆಟ್ಟು ರನ್‌ವೇಯಲ್ಲಿ ಗುಡುಗುತ್ತ ನಿಂತಿತು. ಹತ್ತು ನಿಮಿಷವಾದರೂ ಒಂದಿಂಚು ಕದಲಲಿಲ್ಲ. ಅಲ್ಲಿಂದ ಎಂಜಿನಿಯರಮ್ಮನ ಫೋನ್ ಬಂತು.

"ಫಕ್ಕೀರಪ್ಪನವರೇ, ಎಲ್ಲಾ ಸರಿಯಾಗಿದೆ, ಆದ್ರೂ ಹೊರಡ್ತಿಲ್ಲ. ಹೊರಡೋ ಮುಂಚೆ ನೀವು ಬೇರೆ ಏನಾದ್ರೂ ಮಾಡ್ತಿದ್ರಾ?"

"ಏನೂ ಇಲ್ರಿ," ಎಂದ ಫಕ್ಕೀರಪ್ಪ, ಹಿಂದೆ ಕೂತ ಗೆಳೆಯನ ಮುಖ ನೋಡಿದವನೇ ನಾಲಿಗೆ ಕಚ್ಚಿಕೊಂಡ. "ತಡೀರಿ! ನಮ್ಮ ಕಂಡಕ್ಟರ್ ಹೇಳಲಾರದ ನಾ ಎಂದಾರ ಗಾಡಿ ಬಿಟ್ಟೀನೇನ್ರಿ?"

ಎಂಜಿನಿಯರಮ್ಮ ತನ್ನ ಫೋನನ್ನು ಜೆಟ್ಟಿನ ಮೈಕಿಗೆ ಹಿಡಿದಳು. ಇತ್ತ ಮಕ್ತುಮಸಾಬ ಗೆಳೆಯನ ಫೋನ್ ಇಸಿದುಕೊಂಡು, ಗಂಟಲು ಸರಿಮಾಡಿಕೊಂಡು, ಕುರ್ಚಿಯ ಬೆನ್ನಿಗೆ ಎರಡು ಸಲ ಬಡಿದು ಕೂಗಿದ: "ರೈಟ್! ರೈಟ್!"

ಜೆಟ್ಟು ಚಿಮ್ಮಿ ಮುಗಿಲಲ್ಲಿ ಮಾಯವಾಯಿತು. ಅತ್ತ ಚಪ್ಪಾಳೆಯೋ ಚಪ್ಪಾಳೆ.

"ತುಂಬಾ ಥ್ಯಾಂಕ್ಸ್ ಸರ್, ಫೋನ್ ಇಡ್ತೀನಿ."

"ಇಡಬ್ಯಾಡವಾ ತಂಗಿ," ಎಂದ ಮಕ್ತುಮಸಾಬ, ಮಿರ್ಚಿ ಕೈಗೆತ್ತಿಕೊಳ್ಳುತ್ತ. "ನಾ 'ಹೋಲ್ಡಾನ್' ಅನ್ನೂತನಕ ಅದು ಕೆಳಗ ಇಳಿಯಂಗಿಲ್ಲ."