ಬಾನೆಟ್ಟಿನ ಮರೆ

ಹೊಳೆನರಸೀಪುರ ಬಿಟ್ಟು ಅರಕಲಗೂಡಿನ ರಸ್ತೆಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ತೇಜಶ್ರೀ ಕಾರನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿದಳು. ಬಾನೆಟ್ ಸಂದಿಯಿಂದ ಹೊಗೆಯಂತೆ ಹಬೆ ಬರುತ್ತಿತ್ತು.

"ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಬ್ಯಾಡ ಕಣವ್ವ, ಮುಖ ಬೆಂದೋಯ್ತದೆ" ಎಂದಳು ಪಕ್ಕದಲ್ಲಿದ್ದ ಅಜ್ಜಿ ಬೆಟ್ಟಮ್ಮ. ಟ್ಯಾಕ್ಸಿ ಓಡಿಸಿ ಬದುಕಿದವನ ಹೆಂಡತಿ, ಅಷ್ಟೂ ತಿಳಿಯದೇ ಇರುತ್ತದೆಯೇ?

ಫೋನ್ ಮಾಡಿದ ಅರ್ಧ ಗಂಟೆಗೆ ಮೆಕ್ಯಾನಿಕ್ ಚೆನ್ನಯ್ಯ ತನ್ನ ಹಳೇ ಮೊಪೆಡ್ ಮೇಲೆ ಬಂದ. ತೀರಿಹೋದ ತಾತ ಕೃಷ್ಣಪ್ಪನ ಅಂಬಾಸಿಡರನ್ನು ರಿಪೇರಿ ಮಾಡುತ್ತಿದ್ದವನೂ ಅವನೇ. ಎಪ್ಪತ್ತಾದರೂ ಕೆಲಸ ಬಿಟ್ಟಿಲ್ಲ, ಕಣ್ಣು ಮಾತ್ರ ಒಂದಿಷ್ಟು ಮಂದ. ಎಂಜಿನ್ ತಣಿಯುವವರೆಗೆ ಕಾದು, ಕೂಲೆಂಟ್ ಬಾಟ್ಲಿಗೆ ಬೆರಳದ್ದಿ ನೋಡಿದ. ಬೆರಳು ಇಟ್ಟಿಗೆ ಬಣ್ಣವಾಯಿತು.

"ಹಸಿರಾಗಿರ್ಬೇಕಾದ ಕೂಲೆಂಟು ಎಲ್ಲವ್ವಾ? ನೀರು ತುಂಬಿ ತುಂಬಿ ಅದು ಆಚೆಗೆ ಚೆಲ್ಲೋಗದೆ. ಇದು ಬರೀ ಬೋರ್ ನೀರು. ತುಕ್ಕು, ಸುಣ್ಣ ಎಲ್ಲಾ ಕಟ್ಕಂಡದೆ. ರೇಡಿಯೇಟರ್ ಒಳಗೆ ನೀರು ಓಡಾಡ್ದೆ ಇದ್ರೆ ಎಂಜಿನ್ ಬಿಸಿ ಎಲ್ಲಿಗೆ ಓಯ್ತದೆ? ಯಾರೋ ತಿಂಗ್ಳುಗಟ್ಲೆ ಉಯ್ದವ್ರೆ."

ತೇಜಶ್ರೀಗೆ ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ ಬಿಸಿಲು ಬೇರೆ. "ಹಾಸನದಲ್ಲಿ ಸರ್ವೀಸ್ ಮಾಡಿದೋನದ್ದೇ ಕೆಲಸ ಇದು! ಕೂಲೆಂಟ್ ಹಾಕಿದೀನಿ ಅಂತ ಸುಳ್ಳು ಹೇಳಿ ನೀರು ತುಂಬಿದಾನೆ. ಮ್ಯಾನೇಜರಿಗೆ ಹೇಳಿ ಅವನನ್ನ ಕೆಲಸದಿಂದ ತೆಗೆಸ್ದೇ ಇದ್ರೆ ಕೇಳಿ" ಎಂದು ಫೋನ್ ಕಿವಿಗಿಟ್ಟಳು.

"ಇಡು ಫೋನ" ಎಂದಳು ಬೆಟ್ಟಮ್ಮ. "ಕಂಡೋರ ಅನ್ನ ಕಳೀಬ್ಯಾಡ. ನೀರು ಉಯ್ದೋಳು ನಾನು."

"ನೀನಾ? ಯಾವಾಗ?"

"ದಿನಾ ಬೆಳಿಗ್ಗೆ. ನೀನು ಸ್ನಾನಕ್ಕೆ ಹೋದಾಗ, ಒಂದು ಚೊಂಬು."

"ದಿನಾ ನೀರು ಕುಡಿಸೋದಕ್ಕೆ ಇದೇನು ಎಮ್ಮೆನಾ ಅಜ್ಜಿ?"

ಬೆಟ್ಟಮ್ಮ ನಗಲಿಲ್ಲ. ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ ಹೇಳತೊಡಗಿದಳು. ಅವಳು ಮದುವೆಯಾಗಿ ಬಂದದ್ದು ಹನ್ನೆರಡು ಜನರ ಮನೆಗೆ. ಅತ್ತೆ ಜಗಲಿಯಲ್ಲಿ ಕೂತರೆ ಬೆಕ್ಕು ಕೂಡ ಅಪ್ಪಣೆ ಕೇಳಿಯೇ ಓಡಾಡಬೇಕು. ಹಗಲಲ್ಲಿ ಗಂಡನ ಜೊತೆ ಮಾತಾಡುವುದು ಹಾಗಿರಲಿ, ರಾತ್ರಿ ಪಿಸುಗುಟ್ಟಿದರೂ ಗೋಡೆಯಾಚೆ ಅತ್ತೆ ಕೆಮ್ಮುತ್ತಿದ್ದಳು. ಆ ಕಾಲಕ್ಕೆ ಅಂಬಾಸಿಡರಿನ ರೇಡಿಯೇಟರ್ ಸೋರುತ್ತಿದ್ದದ್ದು ಪುಣ್ಯ. ಕೃಷ್ಣಪ್ಪ ಟ್ಯಾಕ್ಸಿ ಸ್ಟ್ಯಾಂಡಿಗೆ ಹೊರಡುವ ಮುಂಚೆ ದಿನವೂ ಬೆಟ್ಟಮ್ಮ ನೀರು ತರಬೇಕಿತ್ತು.

"ಬಾನೆಟ್ ಎತ್ತುದ್ರೆ ಜಗಲಿಗೆ ನಾವು ಕಾಣ್ತಿರ್ಲಿಲ್ಲ. ಅಷ್ಟೊತ್ತು ಮಾತ್ರ ನಿಮ್ ತಾತ ನನ್ ಗಂಡ. ನಿನ್ನೆ ಯಾರು ಬಾಡಿಗೆಗೆ ಬಂದಿದ್ರು, ಡ್ಯಾಮಿನ ನೀರಲ್ಲಿ ಶೆಟ್ಟಿಹಳ್ಳಿ ಚರ್ಚು ಎಷ್ಟು ಮುಳುಗದೆ, ಎಲ್ಲಾ ಹೇಳೋರು. ನಿಮ್ಮಪ್ಪ ಹೊಟ್ಟೇಲವ್ನೆ ಅಂತ ನಾನು ಹೇಳಿದ್ದೂ ಅಲ್ಲೇಯ. ಅಷ್ಟರಲ್ಲಿ ಈ ಪುಣ್ಯಾತ್ಮ ರೇಡಿಯೇಟರಿಗೆ ಬೆಸುಗೆ ಹಾಕ್ಬುಟ್ಟ. ಮಾರನೇ ದಿನದಿಂದ ಅವರು ಬಾನೆಟ್ ಎತ್ತಲೇ ಇಲ್ಲ, ಸ್ಟಾರ್ಟ್ ಮಾಡ್ಕಂಡು ಒಂಟೋಗೋರು. ನಾಕು ದಿನ ತಡ್ಕಂಡೆ. ಐದನೇ ದಿನ ಅವರು ಬಂದು ಊಟಕ್ಕೆ ಕೂತಾಗ ರೇಡಿಯೇಟರ್ ತಳದಲ್ಲಿದ್ದ ನಲ್ಲೀನ ಒಸಿ ತಿರುಗಿಸಿ ನೀರು ಬುಟ್ಬುಟ್ಟೆ. ಮಾರನೇ ಬೆಳಿಗ್ಗೆ ತಿರ್ಗಾ ಬಾನೆಟ್ ಎತ್ತುದ್ರು."

"ಎಷ್ಟು ದಿನ ಹೀಗೆ ಮಾಡಿದೆ?"

"ಗಾಡಿ ಮಾರೋವರ್ಗೂ. ಇಪ್ಪತ್ತೆರಡು ವರ್ಷ. ಅತ್ತೆ ತೀರ್ಕಂಡ ಮೇಲೂ ಬುಡ್ಲಿಲ್ಲ." ಬೆಟ್ಟಮ್ಮ ಮೊಮ್ಮಗಳ ಕಾರಿನ ಕಡೆ ನೋಡಿದಳು. "ನಿನ್ ಕಾರಿಗೆ ನೀರು ಬ್ಯಾಡ ಅಂತ ಗೊತ್ತವ್ವ. ಬಾನೆಟ್ ಎತ್ತಿ ನಿಂತ್ಕಂಡ್ರೆ ಅವರು ಪಕ್ಕದಲ್ಲೇ ಇದ್ದಂಗಾಯ್ತದೆ. ಅದ್ಕೆ."

ತೇಜಶ್ರೀ ಫೋನನ್ನು ಬ್ಯಾಗಿಗೆ ಹಾಕಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅಜ್ಜಿಯನ್ನು ಒಂದು ದಿನವಾದರೂ ತಾತನ ಬಗ್ಗೆ ಕೇಳಿರಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು.

"ಅವರಿಗೆ ಮಾತ್ರ ಮೋಸ ಮಾಡ್ಬುಟ್ಟೆ" ಎಂದಳು ಬೆಟ್ಟಮ್ಮ. "ಸಾಯೋವರ್ಗೂ 'ಚೆನ್ನಯ್ಯನ ಬೆಸುಗೆ ನಿಲ್ಲಾಕಿಲ್ಲ' ಅಂತ ಬೈಕಂಡೇ ಇದ್ರು. ಒಂದಿನ ಬಾಯ್ಬುಟ್ಟು ಹೇಳೋಣ ಅಂದ್ರೆ ಧೈರ್ಯ ಬರ್ಲಿಲ್ಲ. ಈಗ ಯಾರ್ತಾವ ಹೇಳ್ಲಿ? ನಿನ್ ಹೆಸರೂ ಕೆಡುಸ್ದೆ, ತಪ್ಪಾಯ್ತು ಕಣಪ್ಪ ಚೆನ್ನಯ್ಯ."

ಚೆನ್ನಯ್ಯ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಬೆಟ್ಟಕ್ಕ, ನಂಗೊತ್ತಿತ್ತು. ತಿರ್ಗಾ ಸೋರ್ತದೆ ಅಂತ ಎರಡನೇ ಸಲ ಗಾಡಿ ತಂದಾಗ್ಲೇ ನೋಡ್ದೆ. ಬೆಸುಗೆ ಕಲ್ಲಂಗಿತ್ತು. ನಲ್ಲಿ ಮೇಲೆ ಅರಿಸಿನದ ಬೆರಳಿನ ಗುರುತಿತ್ತು."

ಬೆಟ್ಟಮ್ಮ ಗಾಬರಿಯಿಂದ ಎದ್ದು ನಿಂತಳು. "ಅವರಿಗೆ ತೋರುಸ್ಬುಟ್ಯಾ?"

"ತೋರುಸ್ದೆ ಕಣಕ್ಕ. ನನ್ ಕೆಲಸದ ಮರ್ಯಾದೆ ಓಯ್ತಾ ಇತ್ತಲ್ಲ, ಬುಟ್ಟೇನಾ? ಕೃಷ್ಣಪ್ಪಣ್ಣ ಬಗ್ಗಿ ನೋಡುದ್ರು. ಆ ಗುರುತ ಸುಮಾರೊತ್ತು ನೋಡ್ತಾನೇ ಇದ್ರು. ಆಮೇಲೆ ಎದ್ದು, 'ನಲ್ಲಿ ಬಿಗಿ ಮಾಡ್ಬ್ಯಾಡ ಕಣ್ಲಾ ಚೆನ್ನ. ಇನ್ಮೇಲೆ ಮನೇಲಿ ನಿನ್ ಬೆಸುಗೇನ ಬೈತಾ ಇರ್ತೀನಿ, ನೀನು ಬೇಜಾರು ಮಾಡ್ಕಬ್ಯಾಡ' ಅಂದ್ರು."